ಆಟವೂ ಅಕ್ಷರವೂ: ಪಾಲ್ವಣಕರ ಬಾಳೂರವರ ಜೀವನ

ಮಹನೀಯರ ಜೀವನಚರಿತ್ರೆಗಳನ್ನು ಓದುವುದರಿಂದ ಎಳೆಯರ ಮನಸ್ಸಿಗೆ ಬಲವುಂಟಾಗುವುದೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ಅಂಥ ಚರಿತ್ರೆಗಳಲ್ಲಿ ನಮಗೆ ಎದುರಾಗುವವರು ಬಹುತರವಾಗಿ ಅರಸರು, ಪಂಡಿತರು, ದೇಶನಾಯಕರು. ಆಟದ ಬಯಲಿನಲ್ಲಿ ಬೆವರು ಸುರಿಸಿ, ಆ ಬೆವರಿನಿಂದಲೇ ಅನ್ನವನ್ನು ಗಳಿಸಿದ ಒಬ್ಬ ಮನುಷ್ಯನ ಕಥೆಯನ್ನು ಶಾಲೆಯ ಸ್ಮರಣ ಸಂಚಿಕೆಯಲ್ಲಿ ಹೇಳುವುದು ಅಪರೂಪವು. ಈ ಸಲ ನಾವು ಅಂಥದೊಂದು ಜೀವನವನ್ನು ನಮ್ಮ ಬಾಲಿಕೆಯರ ಮುಂದಿಡಬೇಕೆಂದು ಬಗೆದಿರುವುದಕ್ಕೆ ಕಾರಣವುಂಟು.

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಶಾಲೆಗಳಲ್ಲಿ ಓಟದಲ್ಲಾಗಲಿ, ಖೊಖೊ, ಕಬಡ್ಡಿಗಳಲ್ಲಾಗಲಿ ಎಲ್ಲರ ಕಣ್ಸೆಳೆಯುವ ಹುಡುಗಿಯರು ವರ್ಷವರ್ಷವೂ ಕಾಣಿಸಿಕೊಳ್ಳುತ್ತಾರೆ. ಎಂಟನೆಯ ತರಗತಿಯ ವರೆಗೆ ಮನೆಯವರು ಅದನ್ನು ಸಂತೋಷದಿಂದಲೇ ನೋಡುವರು. ಹತ್ತನೆಯ ತರಗತಿಗೆ ಬಂದೊಡನೆ ಆಟವನ್ನು ಬಿಟ್ಟು ಪುಸ್ತಕವನ್ನು ಹಿಡಿಯೆಂದು ಹೇಳುವವರೇ ಹೆಚ್ಚು. ಅಲ್ಲೊಬ್ಬಳು ಇಲ್ಲೊಬ್ಬಳು ಕ್ರೀಡಾ ನಿಲಯಕ್ಕೆ ಆಯ್ಕೆಯಾದರೆ, ಇನ್ನು ಇವಳ ಓದು ಮುಗಿಯಿತೆಂದು ತಾಯಿಯು ಕಣ್ಣೀರು ತೆಗೆಯುವಳು. ಆಟವನ್ನೇ ಜೀವನೋಪಾಯವಾಗಿ ಹಿಡಿದವರಿಗೆ ವಿದ್ಯೆಯು ಬೇಡವೆ? ಬೇಕಾದರೆ ಎರಡನ್ನೂ ಒಂದೇ ಹೆಗಲಿನ ಮೇಲೆ ಹೊರುವ ಬಗೆ ಯಾವುದು? ಈ ಪ್ರಶ್ನೆಗೆ ಬರಿಯ ಉಪದೇಶದಿಂದ ಉತ್ತರವು ದೊರೆಯಲಾರದು. ಆ ಹೊರೆಯನ್ನು ಹೊತ್ತವರ ಬಾಳನ್ನು ನೋಡಬೇಕು. ಹೊರುವ ಅವಕಾಶವೇ ಇಲ್ಲದೆ ಹೋದವರ ಬಾಳನ್ನೂ ನೋಡಬೇಕು. ಪಾಲ್ವಣಕರ ಬಾಳೂರವರು ಈ ಎರಡನೆಯ ಸಾಲಿಗೆ ಸೇರಿದವರು.

ಬಾಳೂರವರು ಹುಟ್ಟಿದ ಊರು ನಮ್ಮ ಧಾರವಾಡವು. 1876ನೆಯ ಇಸವಿಯ ಸುಮಾರಿಗೆ ಅವರ ಜನನವಾಯಿತು. ಅವರ ಮನೆತನವು ಕೊಂಕಣದ ಪಾಲ್ವಣ ಎಂಬ ಗ್ರಾಮದ್ದಾದುದರಿಂದ ಪಾಲ್ವಣಕರ ಎಂಬ ಅಡ್ಡಹೆಸರು ಬಂದಿತು. ಆಗ ಧಾರವಾಡವೂ ಪುಣೆಯೂ ನಮ್ಮ ಉತ್ತರ ಕನ್ನಡ ಜಿಲ್ಲೆಯೂ ಒಂದೇ ಮುಂಬಯಿ ಇಲಾಖೆಯಲ್ಲಿದ್ದವು. ನಮ್ಮ ಜಿಲ್ಲೆಯು 1862ರಲ್ಲಿ ಮದ್ರಾಸ್ ಇಲಾಖೆಯಿಂದ ಬೇರ್ಪಟ್ಟು ಮುಂಬಯಿ ಇಲಾಖೆಗೆ ಸೇರಿತ್ತು. ಧಾರವಾಡದ ಬಯಲುಸೀಮೆಯ ಅರಳೆಯು ಎತ್ತಿನ ಬಂಡಿಗಳಲ್ಲಿ ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಬಂದು, ಹಡಗನ್ನೇರಿ ಮುಂಬಯಿಗೆ ಹೋಗುತ್ತಿದ್ದ ಕಾಲವದು. ಆ ಅರಳೆಗೆ ಪೇಟೆಯಲ್ಲಿ ಕುಮಟೆಯ ಹೆಸರೇ ನಿಂತಿತ್ತು. ಬೆಳೆದದ್ದು ಒಂದೂರು, ಹೆಸರು ಮತ್ತೊಂದೂರಿನದು. ಬಾಳೂರವರ ವಿಷಯದಲ್ಲಿಯೂ ಹೀಗೆಯೇ ಆಯಿತು. ಧಾರವಾಡದಲ್ಲಿ ಹುಟ್ಟಿದ ಈ ಮಗುವನ್ನು ಲೋಕವು ಪುಣೆಯವರೆಂದೂ ಮುಂಬಯಿಯವರೆಂದೂ ಅರಿಯಿತು.

ಅವರದು ತೊಗಲಿನ ಕಸುಬಿನ ಸಮಾಜವು. ಆ ಕಾಲದಲ್ಲಿ ಅಂಥವರನ್ನು ಅಸ್ಪೃಶ್ಯರೆಂದು ದೂರವಿಡುತ್ತಿದ್ದರು. ಊರಿನ ಬಾವಿಯ ನೀರು ಅವರಿಗಿಲ್ಲ, ಗುಡಿಯ ಬಾಗಿಲು ಅವರಿಗಿಲ್ಲ. ಶಾಲೆಯಲ್ಲಿ ಜಾಗವು ದೊರೆತರೂ ಒಂದು ಮೂಲೆಯಲ್ಲಿ. ತಂದೆಯವರು ಸೈನ್ಯದ ಚಾಕರಿಯಲ್ಲಿದ್ದುದರಿಂದ ಕುಟುಂಬವು ಪುಣೆಗೆ ಹೋಗಿ ನೆಲಸಿತು. ಅಲ್ಲಿಯ ದಂಡಿನ ಬಯಲಿನಲ್ಲಿ ಆಂಗ್ಲ ಅಧಿಕಾರಿಗಳು ಆಡಿ ಬಿಸುಟ ದಾಂಡು ಚೆಂಡುಗಳನ್ನು ಆಯ್ದುಕೊಂಡು ಬಾಳೂ ಮತ್ತು ಅವರ ತಮ್ಮ ಶಿವರಾಮರು ಕ್ರಿಕೆಟ್ ಆಟವನ್ನು ಕಲಿತರು. ಅಸ್ಪೃಶ್ಯನ ಕೈಗೆ ಸೋಂಕಿದರೆ ನೀರು ಮೈಲಿಗೆಯಾಗುವುದೆಂದು ನಂಬಿದ್ದ ಸಮಾಜದಲ್ಲಿ, ತೊಗಲು ಹೊದಿಸಿದ ಚೆಂಡು ಮಾತ್ರ ಎಲ್ಲರ ಕೈಯಿಂದ ಕೈಗೆ ಹೋಗುತ್ತಿದ್ದಿತು. ಇದನ್ನು ನಾವು ಸ್ವಲ್ಪ ನಿಂತು ಯೋಚಿಸಬೇಕು.

ಓದಿನ ವಯಸ್ಸಿನಲ್ಲಿಯೇ ಬಾಳೂರವರು ದುಡಿಮೆಗೆ ಇಳಿಯಬೇಕಾಯಿತು. ಪುಣೆಯಲ್ಲಿ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ಬಯಲನ್ನು ಗುಡಿಸುವುದು, ಉರುಳುಗಲ್ಲನ್ನೆಳೆದು ನೆಲವನ್ನು ಸಮಮಾಡುವುದು ಇವರ ಮೊದಲ ಉದ್ಯೋಗ. ಸಂಬಳವು ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪುಣೆ ಕ್ಲಬ್ಬಿಗೆ ಸೇರಿದಾಗ ಸಂಬಳವು 4 ರೂಪಾಯಿಗೆ ಏರಿತು. ಅಲ್ಲಿ ನೆಲವನ್ನು ಉರುಳಿಸಿ ಗೆರೆಯೆಳೆಯುವುದು, ಅಭ್ಯಾಸದ ಬಲೆಗಳನ್ನು ಕಟ್ಟುವುದು, ಟೆನಿಸ್ ಅಂಗಣವನ್ನು ಸಜ್ಜುಗೊಳಿಸುವುದು ಇವರ ಪಾಲಿನ ಕೆಲಸವಾಗಿತ್ತು. ಬಿಡುವಿನಲ್ಲಿ ಸಾಹೇಬರೊಬ್ಬರು ಚೆಂಡೆಸೆಯುವಂತೆ ಹೇಳಿದರು. ಎಡಗೈಯಿಂದ ನಿಧಾನವಾಗಿ ಬಂದ ಆ ಚೆಂಡು ನೆಲಕ್ಕೆ ತಾಗಿ ಅಂದುಕೊಂಡ ದಿಕ್ಕನ್ನು ಬಿಟ್ಟು ತಿರುಗಿತು. ಅಂದಿನಿಂದ ಚೆಂಡೆಸೆಯುವುದೂ ಇವರ ಚಾಕರಿಗೆ ಸೇರಿತು.

ಆ ಕ್ಲಬ್ಬಿನ ಪ್ರಖ್ಯಾತ ದಾಂಡುಗಾರರು ಗ್ರೇಗ್ ಎಂಬ ಸೈನ್ಯಾಧಿಕಾರಿಗಳು. ಎಲ್ಲರಿಗಿಂತ ಮುಂಚಿತವಾಗಿ ಬಯಲಿಗೆ ಬಂದು, ಅವರು ಬಾಳೂರವರಿಂದ ಗಂಟೆಗಟ್ಟಲೆ ಚೆಂಡನ್ನು ಎಸೆಯಿಸಿಕೊಳ್ಳುತ್ತಿದ್ದರು. ತಮ್ಮನ್ನು ಒಂದು ಸಲ ಔಟ್ ಮಾಡಿದರೆ ಎಂಟಾಣೆ ಕೊಡುತ್ತಿದ್ದರೆಂದು ಹೇಳುವರು. ಹಾಗಿದ್ದರೆ ತಿಂಗಳಿಗೆ ಎಂಟು ಸಲ ಗ್ರೇಗರನ್ನು ಔಟ್ ಮಾಡಿದಲ್ಲಿ ತಿಂಗಳ ಸಂಬಳದಷ್ಟೇ ಮತ್ತೊಮ್ಮೆ ಕೈಸೇರುವ ಲೆಕ್ಕವಾಯಿತು. ಬಾಳೂರವರ ಚೆಂಡೆಸೆತದ ವಿದ್ಯಾಲಯವೆಂದರೆ ಈ ಬಲೆಯೇ. ಚೆಂಡನ್ನು ಎಷ್ಟು ಎತ್ತರಕ್ಕೆ ತೇಲಿಸಬೇಕು, ಎಲ್ಲಿ ಬೀಳಿಸಬೇಕು, ಬೆರಳಿನ ಒಂದು ಚಿಕ್ಕ ಹೊರಳಿಕೆಯಿಂದ ಅದು ಒಳಕ್ಕೆ ಬರುವುದೋ ಹೊರಕ್ಕೆ ಹೋಗುವುದೋ ಎಂಬುದನ್ನೆಲ್ಲ ಅವರು ಇಲ್ಲಿಯೇ ಅಭ್ಯಾಸಮಾಡಿದರು. ಆದರೆ ಈ ವಿದ್ಯಾಲಯದಲ್ಲಿ ಒಂದು ಪಾಠವನ್ನು ಅವರಿಗೆ ಕಲಿಸಲೇ ಇಲ್ಲ. ದಾಂಡನ್ನು ಹಿಡಿದು ಆಡುವ ಸಂದರ್ಭವನ್ನು ಪುಣೆ ಕ್ಲಬ್ಬಿನವರು ಅವರಿಗೆ ಕೊಡಲಿಲ್ಲ. ದಾಂಡು ದೊರೆಗಳದು, ಚೆಂಡೆಸೆತವು ಚಾಕರರದು ಎಂಬುದು ಅಲ್ಲಿಯ ಕಟ್ಟಳೆಯಾಗಿತ್ತು.

ಬಾಳೂರವರ ಕೀರ್ತಿಯು ಹಬ್ಬುತ್ತ ಹೋದಂತೆ ಪುಣೆಯ ಹಿಂದುಗಳ ಕ್ಲಬ್ಬಿನವರಿಗೆ ಇಕ್ಕಟ್ಟಾಯಿತು. ಯುರೋಪಿಯನ್ನರನ್ನು ಸೋಲಿಸಬೇಕೆಂಬ ಹಂಬಲವಿತ್ತು. ಸೋಲಿಸಬಲ್ಲ ಕೈಯು ಅಸ್ಪೃಶ್ಯನದಾಗಿತ್ತು. ಬಹಳ ಚರ್ಚೆಯಾದ ಮೇಲೆ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಬಯಲಿನ ಮೇಲೆ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ಚಹದ ಹೊತ್ತಿಗೆ ಉಳಿದವರು ಒಳಗೆ ಪಿಂಗಾಣಿಯ ಬಟ್ಟಲುಗಳಲ್ಲಿ ಕುಡಿಯುತ್ತಿದ್ದರೆ, ಬಾಳೂರವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಗೆಲವಿನಲ್ಲಿ ಪಾಲುಗಾರರಾದವರು ಪಂಕ್ತಿಯಲ್ಲಿ ಪಾಲುಗಾರರಲ್ಲ. ಅವರಿದ್ದ ಹಿಂದೂ ತಂಡವು ಪುಣೆಯ ಯುರೋಪಿಯನ್ನರನ್ನೂ ಸಾತಾರೆಯ ತಂಡವನ್ನೂ ಸೋಲಿಸಿತು. ಗೆಲವುಗಳು ಕೂಡುತ್ತ ಹೋದಂತೆ ಕಟ್ಟಳೆಗಳು ಒಂದೊಂದಾಗಿ ಸಡಿಲವಾದವು.

1896ರಲ್ಲಿ ಮುಂಬಯಿ ಇಲಾಖೆಯಲ್ಲಿ ಪ್ಲೇಗಿನ ಉಪದ್ರವವು ಆರಂಭವಾಯಿತು. ಆ ಕಾಲದಲ್ಲಿ ಬಾಳೂರವರು ಪುಣೆಯನ್ನು ಬಿಟ್ಟು ಮುಂಬಯಿಗೆ ಹೋದರು. ಮುಂದೆ ಬಿ.ಬಿ. ಎಂಡ್ ಸಿ.ಐ. ರೈಲ್ವೆ ಕಂಪನಿಯಲ್ಲಿ ಅವರಿಗೆ ನೌಕರಿಯು ದೊರೆಯಿತು. ಅವರ ಜೀವನದಲ್ಲಿ ಆಟಕ್ಕೂ ಅನ್ನಕ್ಕೂ ಒಂದು ಒಪ್ಪಂದವಾದುದು ಇಲ್ಲಿಯೇ. ರೈಲ್ವೆಯ ತಂಡಕ್ಕಾಗಿಯೂ ಹಿಂದೂ ಜಿಮಖಾನೆಗಾಗಿಯೂ ಅವರು ಆಡುತ್ತಿದ್ದರು. ಕಂಪನಿಗೆ ಆಟದಿಂದ ಹೆಸರು, ಆಟಗಾರರಿಗೆ ಕಂಪನಿಯಿಂದ ಸಂಬಳ. ಈಗಲೂ ನಮ್ಮ ದೇಶದಲ್ಲಿ ರೈಲ್ವೆ, ಪೊಲೀಸು, ಬ್ಯಾಂಕು ಮೊದಲಾದ ಸಂಸ್ಥೆಗಳು ಆಟಗಾರರನ್ನು ನೌಕರಿಗೆ ತೆಗೆದುಕೊಳ್ಳುತ್ತಿರುವುದನ್ನು ನಾವು ಬಲ್ಲೆವು. ಕ್ರೀಡಾ ಮೀಸಲಾತಿ ಎಂಬ ಮಾತು ಹುಟ್ಟುವುದಕ್ಕೆ ಬಹಳ ಮುಂಚಿನಿಂದಲೂ ಈ ದಾರಿಯು ಇತ್ತೆಂಬುದಕ್ಕೆ ಬಾಳೂರವರ ಬಾಳೇ ಸಾಕ್ಷಿಯು.

1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದುಗಳಿಗೂ ಯುರೋಪಿಯನ್ನರಿಗೂ ದೊಡ್ಡದೊಂದು ಪಂದ್ಯವು ನಡೆಯಿತು. ಹಿಂದುಗಳು 242 ಮತ್ತು 160 ಓಟಗಳನ್ನು ಗಳಿಸಿದರು. ಯುರೋಪಿಯನ್ನರು 191 ಮತ್ತು 102. ಹಿಂದುಗಳಿಗೆ 109 ಓಟಗಳ ಗೆಲವಾಯಿತು. ಬಾಳೂರವರು ಮೊದಲ ಸರದಿಯಲ್ಲಿ 3, ಎರಡನೆಯ ಸರದಿಯಲ್ಲಿ 5 ವಿಕೆಟ್ಟುಗಳನ್ನು ಉರುಳಿಸಿದರು. ತಮ್ಮ ಶಿವರಾಮರೂ ಅದೇ ತಂಡದಲ್ಲಿದ್ದರು. ಆಳುವವರನ್ನು ಅವರದೇ ಆಟದಲ್ಲಿ ಆಳಿಸಿಕೊಳ್ಳುವವರು ಸೋಲಿಸಿದ ಆ ಸುದ್ದಿಯು ದೇಶದಲ್ಲೆಲ್ಲ ಹರಡಿತು. ಸಮಾಜ ಸುಧಾರಕರು ಮತ್ತೊಂದು ಮಾತನ್ನು ಎತ್ತಿ ಹೇಳಿದರು: ಈ ಗೆಲವನ್ನು ತಂದುಕೊಟ್ಟವರಲ್ಲಿ ನಾವು ಮುಟ್ಟಲಾರೆವೆಂದ ಸಮಾಜದ ಮಕ್ಕಳೂ ಇದ್ದರಲ್ಲವೆ ಎಂಬುದೇ ಆ ಮಾತಿನ ಸಾರವು.

1911ರ ಬೇಸಗೆಯಲ್ಲಿ ಪಟಿಯಾಲೆಯ ಮಹಾರಾಜ ಭೂಪೇಂದ್ರ ಸಿಂಹರ ನಾಯಕತ್ವದಲ್ಲಿ ಭಾರತದ ಎಲ್ಲ ಸಮಾಜಗಳ ಆಟಗಾರರನ್ನೊಳಗೊಂಡ ತಂಡವೊಂದು ಪ್ರಥಮವಾಗಿ ಇಂಗ್ಲೆಂಡಿಗೆ ಹೋಯಿತು. ಅದಕ್ಕೂ ಮೊದಲು 1886ರಲ್ಲಿಯೂ 1888ರಲ್ಲಿಯೂ ಪಾರ್ಸಿಗಳ ತಂಡಗಳು ಮಾತ್ರ ಹೋಗಿದ್ದವು. ಆಡಿದ 23 ಪಂದ್ಯಗಳಲ್ಲಿ ಭಾರತೀಯರು 6ನ್ನು ಗೆದ್ದು 15ರಲ್ಲಿ ಸೋತರು. ತಂಡವು ಸೋತರೂ ಬಾಳೂರವರು ಸೋಲಲಿಲ್ಲ. ಅವರು ಒಟ್ಟು 114 ವಿಕೆಟ್ಟುಗಳನ್ನು ಪಡೆದರು. ಒಂದೊಂದು ವಿಕೆಟ್ಟಿಗೆ ಕೊಟ್ಟ ಓಟಗಳ ಸರಾಸರಿಯು 18.84. ಲೆಸ್ಟರ್‌ಷೈರ್ ತಂಡವನ್ನು ಸೋಲಿಸಿದ ಪಂದ್ಯವೊಂದರಲ್ಲಿಯೇ ಅವರಿಗೆ 11 ವಿಕೆಟ್ಟುಗಳು ಬಂದವು. ಸಾಮರ್ಸೆಟ್ ತಂಡದ ಮೇಲೆ ಶಿವರಾಮರು ಔಟಾಗದೆ 113 ಓಟಗಳನ್ನು ಹೊಡೆದು, ಒಂದೇ ವಿಕೆಟ್ಟು ಉಳಿದಿರಲು ಗೆಲವನ್ನು ತಂದರು.

ಈ ಪ್ರವಾಸದ ಒಂದು ಪಂದ್ಯವನ್ನು ನಾವು ವಿಶೇಷವಾಗಿ ನೆನೆಯಬೇಕು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ತಂಡದ ಮೇಲೆ ಬಾಳೂರವರು 103 ಓಟಗಳನ್ನು ಕೊಟ್ಟು 8 ವಿಕೆಟ್ಟುಗಳನ್ನು ಪಡೆದರು. ಜಗತ್ಪ್ರಸಿದ್ಧವಾದ ಆ ವಿದ್ಯಾಪೀಠದ ತರುಣರು ಬೆಳಿಗ್ಗೆ ಗ್ರಂಥಗಳನ್ನೂ ಸಂಜೆಗೆ ದಾಂಡನ್ನೂ ಹಿಡಿಯುವವರು. ಅವರನ್ನು ಒಬ್ಬೊಬ್ಬರನ್ನಾಗಿ ಹಿಂದಕ್ಕೆ ಕಳುಹಿಸಿದವರು ಹದಿಹರೆಯದಲ್ಲಿಯೇ ಉರುಳುಗಲ್ಲನ್ನೆಳೆದವರು. ವಿಶ್ವವಿದ್ಯಾನಿಲಯದ ಬಯಲಿಗೆ ಅವರು ಹೋದರು. ಅದರ ತರಗತಿಯ ಬಾಗಿಲನ್ನು ಹೊಗುವ ದಾರಿಯು ಅವರಿಗೆ ಎಂದೂ ತೆರೆಯಲಿಲ್ಲ.

ಆಟವನ್ನೂ ಓದನ್ನೂ ಒಟ್ಟಿಗೆ ನಡೆಯಿಸುವುದು ಆ ಕಾಲದಲ್ಲಿ ಸಾಧ್ಯವೇ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇತ್ತು, ಆದರೆ ಯಾರಿಗೆ ಇತ್ತೆಂಬುದನ್ನು ನೋಡಬೇಕು. ಕ್ರಿಕೆಟ್ ಆಟದ ಪಿತಾಮಹರೆನಿಸಿದ ಇಂಗ್ಲೆಂಡಿನ ಡಬ್ಲ್ಯು. ಜಿ. ಗ್ರೇಸ್ ಇವರು 1848ರಲ್ಲಿ ಹುಟ್ಟಿ 1915ರಲ್ಲಿ ತೀರಿಕೊಂಡರು. ಅವರು 1868ರಲ್ಲಿ ವೈದ್ಯಶಾಸ್ತ್ರದ ಅಭ್ಯಾಸವನ್ನಾರಂಭಿಸಿ 1879ರಲ್ಲಿ ವೈದ್ಯರಾಗಿ ಹೊರಬಿದ್ದರು. ಹನ್ನೊಂದು ವರುಷಗಳು! ಬೇಸಗೆಯೆಲ್ಲ ಊರೂರು ತಿರುಗಿ ಆಡುವುದು, ಚಳಿಗಾಲದಲ್ಲಿ ಆಸ್ಪತ್ರೆಯಲ್ಲಿ ಕಲಿಯುವುದು, ಹೀಗೆ ಅವರ ಓದು ಎಳೆಎಳೆಯಾಗಿ ಸಾಗಿತು. ಹೆಸರಿಗೆ ಹವ್ಯಾಸಿಗಳಾಗಿದ್ದರೂ ಸಂಬಳದ ಆಟಗಾರರಿಗಿಂತಲೂ ಹೆಚ್ಚು ಹಣವನ್ನು ಅವರು ಆಟದಿಂದ ಪಡೆದರು. ತಂದೆ ವೈದ್ಯರು, ಅಣ್ಣಂದಿರು ವೈದ್ಯರು. ಹನ್ನೊಂದು ವರುಷ ಓದಿದರೂ ಮನೆಯ ಒಲೆಯು ಆರುವಂತಿರಲಿಲ್ಲ. ಗ್ರೇಸರ ಛಲವು ಮೆಚ್ಚತಕ್ಕದ್ದು. ಆದರೆ ಅಂಥ ಛಲವನ್ನು ಹಿಡಿಯುವುದಕ್ಕೆ ಬೇಕಾದ ನೆಲೆಯನ್ನು ಮನೆತನವು ಅವರಿಗೆ ಮೊದಲೇ ಕೊಟ್ಟಿತ್ತು.

ದೂರದಲ್ಲಿದ್ದುಕೊಂಡೇ ಪದವಿಯನ್ನು ಪಡೆಯುವ ದಾರಿಯೂ ಆಗ ಲೋಕದಲ್ಲಿ ಇಲ್ಲದಿರಲಿಲ್ಲ. ಲಂಡನ್ ವಿಶ್ವವಿದ್ಯಾನಿಲಯವು 1858ರಿಂದಲೇ ಕಾಲೇಜಿಗೆ ಹೋಗದವರಿಗೂ ತನ್ನ ಪರೀಕ್ಷೆಗಳನ್ನು ತೆರೆದಿಟ್ಟಿತ್ತು. 1878ರಲ್ಲಿ ಸ್ತ್ರೀಯರಿಗೂ ಪದವಿಯ ಹಕ್ಕನ್ನು ಕೊಟ್ಟಿತು. ಆದರೆ ಪುಣೆಯ ಬಯಲನ್ನು ಗುಡಿಸುವ ತರುಣನಿಗೆ ಆ ಬಾಗಿಲು ಎಷ್ಟು ದೂರದ್ದು! 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾನಿಲಯವು ಕಾಲೇಜಿನ ಮೆಟ್ಟಿಲೇರಿದವರನ್ನು ಪರೀಕ್ಷಿಸುತ್ತಿದ್ದಿತು. ಆ ಮೆಟ್ಟಿಲಿಗೆ ಹೋಗಬೇಕಾದರೆ ಮೊದಲು ಹೈಸ್ಕೂಲು ಮುಗಿಯಬೇಕು. ಹೈಸ್ಕೂಲು ಮುಗಿಯಬೇಕಾದರೆ ಮನೆಯಲ್ಲಿ 3 ರೂಪಾಯಿಗಳ ಅಗತ್ಯವಿರಬಾರದು.

ಬಾಳೂರವರ ಜೀವನಕ್ಕೆ ಸರಿಸಾಲಾಗಿ ಮತ್ತೊಂದು ಜೀವನವು ಅದೇ ಮುಂಬಯಿಯಲ್ಲಿ ಬೆಳೆಯುತ್ತಿದ್ದಿತು. 1891ರಲ್ಲಿ ಹುಟ್ಟಿದ ಭೀಮರಾವ ಅಂಬೇಡಕರರೂ ಅಸ್ಪೃಶ್ಯರೆನಿಸಿದ ಸಮಾಜದವರೇ. ಅವರ ತಂದೆಯವರೂ ಸೈನ್ಯದಲ್ಲಿದ್ದವರೇ. ತಾರುಣ್ಯದಲ್ಲಿ ಅವರು ಬಾಳೂರವರನ್ನು ಬಹಳ ಅಭಿಮಾನದಿಂದ ಕಂಡರು. ಚೆಂಡಿನ ದಾರಿಯಿಂದ ಒಬ್ಬರು ಮೇಲೇರಿದರೆ, ಪುಸ್ತಕದ ದಾರಿಯಿಂದ ಇನ್ನೊಬ್ಬರು ಮೇಲೇರಿದರು. ಬಡೋದೆಯ ಅರಸರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಂಬೇಡಕರರು ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. 1916ರಲ್ಲಿ ಲಂಡನ್ನಿಗೆ ಬಂದರು. ವೇತನದ ಅವಧಿಯು ಮುಗಿದುದರಿಂದ 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಸ್ವದೇಶಕ್ಕೆ ಮರಳಬೇಕಾಯಿತು. ಆದರೆ ಅವರು ಆ ಎಳೆಯನ್ನು ಕಡಿದುಹೋಗಗೊಡಲಿಲ್ಲ. ನಾಲ್ಕು ವರುಷಗಳೊಳಗಾಗಿ ಮರಳಿ ಬಂದು ಓದನ್ನು ಮುಂದುವರಿಸುವ ಅನುಮತಿಯನ್ನು ಪಡೆದಿದ್ದರು. 1918ರಿಂದ 1920ರ ವರೆಗೆ ಮುಂಬಯಿಯ ಸಿಡನಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ದುಡಿದು, ಹಣವನ್ನು ಕೂಡಿಟ್ಟು, ಕೊಲ್ಹಾಪುರದ ಶಾಹೂ ಮಹಾರಾಜರ ನೆರವನ್ನೂ ಪಡೆದು, ಮತ್ತೆ ಲಂಡನ್ನಿಗೆ ಹೋಗಿ, 1923ರ ಹೊತ್ತಿಗೆ ಬ್ಯಾರಿಸ್ಟರರೂ ಡಾಕ್ಟರರೂ ಆಗಿ ಬಂದರು. ದುಡಿಮೆಯನ್ನೂ ಓದನ್ನೂ ಹೆಣೆದುಕೊಂಡು ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ಹಾಗೆಂದ ಮಾತ್ರಕ್ಕೆ ಪುಸ್ತಕವೊಂದೇ ಎಲ್ಲ ಬೇಡಿಗಳನ್ನೂ ಕಡಿಯಿತೆಂದು ಹೇಳಿದರೆ ಸುಳ್ಳಾದೀತು. ಅದೇ ಕಾಲೇಜಿನಲ್ಲಿ ಪ್ರಾಧ್ಯಾಪಕರ ಕೋಣೆಯ ನೀರಿನ ಪಾತ್ರೆಯನ್ನು ಅಂಬೇಡಕರರು ಮುಟ್ಟಬಾರದೆಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರು. ಬಾಳೂರವರ ಮಣ್ಣಿನ ಕುಡಿಕೆಯೂ ಈ ನೀರಿನ ಪಾತ್ರೆಯೂ ಒಂದೇ ಕುಲುಮೆಯಿಂದ ಬಂದವು. ಸಮಾಜದ ಅನ್ಯಾಯವನ್ನು ಸಮಾಜವೇ ತಿದ್ದಿಕೊಳ್ಳಬೇಕು. ಅದರ ಭಾರವನ್ನೆಲ್ಲ ಅನ್ಯಾಯಕ್ಕೊಳಗಾದವರ ಆಟದ ಮೇಲೆಯೋ ಓದಿನ ಮೇಲೆಯೋ ಹೇರುವುದು ಸರಿಯಲ್ಲ. ಆದರೂ ಒಂದು ಭೇದವನ್ನು ಮರೆಯಲಾಗದು. ತೋಳಿನ ಬಲವು ವಯಸ್ಸಿನೊಡನೆ ಇಳಿಯುವುದು, ಕಲಿತುದು ಇಳಿಯುವುದಿಲ್ಲ.

ಬಾಳೂರವರಿಗೆ ತಂಡದಲ್ಲಿ ಸ್ಥಾನವು ದೊರೆತರೂ ನಾಯಕತ್ವವು ದೊರೆಯಲಿಲ್ಲ. 1907ರಲ್ಲಿ ಮೂರು ಸಮಾಜಗಳ ಪಂದ್ಯಾವಳಿಯಾಗಿ, 1912ರಲ್ಲಿ ಮುಸಲ್ಮಾನರೂ ಸೇರಿ ನಾಲ್ಕು ಸಮಾಜಗಳ ಪಂದ್ಯಾವಳಿಯಾಗಿ ನಡೆಯುತ್ತಿದ್ದ ಆ ಸ್ಪರ್ಧೆಯಲ್ಲಿ ಹಿಂದೂ ತಂಡದ ಮುಖ್ಯ ಎಸೆಗಾರರು ಅವರೇ. 1913ರಲ್ಲಿ ನಾಯಕತ್ವವು ಎಂ. ಡಿ. ಪೈ ಅವರಿಗೆ ಹೋಯಿತು. ಈ ಗೌರವವು ಹಿರಿಯರೂ ಅನುಭವಿಗಳೂ ಆದ ಬಾಳೂರವರಿಗೆ ಸಲ್ಲಬೇಕಾಗಿತ್ತೆಂದು ಪೈಯವರೇ ಬಹಿರಂಗವಾಗಿ ಹೇಳಿದ್ದು ಅವರ ದೊಡ್ಡ ಗುಣವು. ಆ ಕಾಲದಲ್ಲಿ ನಾಯಕತ್ವವೆಂದರೆ ಕುಲ, ವಿದ್ಯೆ, ಸ್ಥಾನಮಾನಗಳುಳ್ಳವರಿಗೆ ಸಲ್ಲತಕ್ಕದ್ದೆಂಬ ಭಾವನೆಯಿತ್ತು. ಕುಲವು ಬಾಳೂರವರ ಕೈಯಲ್ಲಿರಲಿಲ್ಲ. ವಿದ್ಯೆಯನ್ನು ಬಡತನವು ಕಸಿದಿತ್ತು. ಸ್ಥಾನಮಾನವು ಈ ಎರಡರ ನೆರಳು.

1920ರಲ್ಲಿ ಬಾಳೂರವರನ್ನು ತಂಡದಿಂದಲೇ ಬಿಟ್ಟಾಗ ತಮ್ಮಂದಿರಾದ ಶಿವರಾಮ, ವಿಠ್ಠಲರು ತಾವೂ ಆಡುವುದಿಲ್ಲವೆಂದು ಹಿಂದೆ ಸರಿದರು. ತಮ್ಮ ನೋವನ್ನು ಪತ್ರಮುಖೇನ ಜನರಿಗೆ ತಿಳಿಸಿದರು. ಲೋಕಾಭಿಪ್ರಾಯವು ಅವರ ಕಡೆಗೆ ವಾಲಿತು. ಕೊನೆಗೆ ಬಾಳೂರವರನ್ನು ಉಪನಾಯಕರನ್ನಾಗಿ ಮಾಡಿ ಕರೆದುಕೊಂಡರು. ನಾಯಕರು ಕೆಲಹೊತ್ತು ಬಯಲನ್ನು ಬಿಟ್ಟಾಗ ತಂಡವನ್ನು ನಡೆಯಿಸುವ ಅವಕಾಶವು ಅವರಿಗೆ ದೊರೆಯಿತು. ಇಪ್ಪತ್ತು ವರುಷಗಳಿಗೂ ಹೆಚ್ಚು ಕಾಲ ದುಡಿದ ಮೇಲೆ ಬಂದ ನಾಯಕತ್ವವು ಅಷ್ಟೇ. ಆದರೆ ಅಣ್ಣನು ಉತ್ತ ಹೊಲದಲ್ಲಿ ತಮ್ಮನು ತೆನೆಯನ್ನು ಕೊಯ್ದನು. 1923ರಲ್ಲಿ ವಿಠ್ಠಲರು ಹಿಂದೂ ತಂಡದ ನಾಯಕರಾದರು. ಆ ವರ್ಷ ಹಿಂದುಗಳು ಯುರೋಪಿಯನ್ನರನ್ನು ಸೋಲಿಸಿದರು. ಜನರು ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಯಿಸಿದರು. ಮುಟ್ಟಲಾಗದೆಂದವರ ಹೆಗಲೇ ಅವರ ಪಲ್ಲಕ್ಕಿಯಾಯಿತು.

ಬಾಳೂರವರು ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ಟುಗಳನ್ನು ಪಡೆದರು, ಸರಾಸರಿಯು 15.21. ಈ ಅಂಕಿಗಳನ್ನು ನೋಡಿ, ಅವರು ಇನ್ನೂ ಮುಂದಿನ ತಲೆಮಾರಿನಲ್ಲಿ ಹುಟ್ಟಿದ್ದರೆ ಎಂದು ಮರುಗುವವರುಂಟು. 1932ರಲ್ಲಿ ಭಾರತವು ಮೊದಲ ಟೆಸ್ಟ್ ಪಂದ್ಯವನ್ನಾಡುವ ಹೊತ್ತಿಗೆ ಅವರಿಗೆ ಐವತ್ತೈದು ದಾಟಿತ್ತು.

ಆಟವು ಮುಗಿದ ಬಳಿಕ ಅವರು ಸಾರ್ವಜನಿಕ ಜೀವನಕ್ಕೆ ಬಂದರು. 1932ರ ಪುಣೆಯ ಒಪ್ಪಂದದ ಕಾಲದಲ್ಲಿ ಅಂಬೇಡಕರರನ್ನು ಒಪ್ಪಿಸಲು ಶ್ರಮಿಸಿದವರಲ್ಲಿ ಇವರೂ ಒಬ್ಬರು. ಮುಂದೆ ಇಬ್ಬರ ದಾರಿಗಳು ಬೇರೆಯಾದವು. 1937ರಲ್ಲಿ ಮುಂಬಯಿ ವಿಧಾನಸಭೆಯ ಚುನಾವಣೆಗೆ ಕಾಂಗ್ರೆಸ್ ಪಕ್ಷವು ಅಂಬೇಡಕರರ ಎದುರಿಗೆ ಬಾಳೂರವರನ್ನು ನಿಲ್ಲಿಸಿತು. ಅಂಬೇಡಕರರಿಗೆ 13,245, ಬಾಳೂರವರಿಗೆ 11,225 ಮತಗಳು ಬಂದವು. ಚೆಂಡಿನ ದಾರಿಯೂ ಪುಸ್ತಕದ ದಾರಿಯೂ ಹೀಗೆ ಒಂದೇ ಅಂಗಣದಲ್ಲಿ ಎದುರುಬದುರಾದುವು. ಎರಡು ಸಾವಿರದಷ್ಟು ಮತಗಳ ಅಂತರದಿಂದ ಯಾರು ದೊಡ್ಡವರೆಂಬುದನ್ನು ನಾವು ತೂಗಹೋಗುವುದಿಲ್ಲ. ಆದರೆ ಮುಂದೆ ದೇಶದ ಸಂವಿಧಾನವನ್ನು ಬರೆಯಿಸುವ ಹೊತ್ತು ಬಂದಾಗ ಪುಸ್ತಕವನ್ನು ಬಿಡದೆ ಹಿಡಿದವರ ಕೈಯೇ ಬೇಕಾಯಿತೆಂಬುದು ಸತ್ಯವು. ಆ ಸಂವಿಧಾನವೇ 1950ರಲ್ಲಿ ಅಸ್ಪೃಶ್ಯತೆಯನ್ನು ಕಾನೂನಿನಿಂದ ತೆಗೆದುಹಾಕಿತು. ಅದನ್ನು ಕಣ್ಣಾರೆ ಕಂಡ ಬಾಳೂರವರು 1955ರ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ದಿವಂಗತರಾದರು.

ಇನ್ನು ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ಬಾಳೂರವರಿಗೆ ಇಲ್ಲದ ದಾರಿಗಳು ಇಂದಿನ ಬಾಲಿಕೆಯರಿಗೆ ಇರುವುವು. 1962ರಲ್ಲಿ ದಿಲ್ಲಿ ವಿಶ್ವವಿದ್ಯಾನಿಲಯವೂ 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆಯ ಮೂಲಕ ಪಾಠಗಳನ್ನು ಕಳುಹಿಸುವ ಏರ್ಪಾಡನ್ನು ಮಾಡಿದವು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಹುಟ್ಟಿತು. 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಇವುಗಳಲ್ಲಿ ಹೆಸರನ್ನು ನೋಂದಿಸಿದವರು ಶಿಬಿರದಲ್ಲಿದ್ದರೂ, ಪಂದ್ಯಕ್ಕಾಗಿ ರೈಲಿನಲ್ಲಿ ಹೋಗುತ್ತಿದ್ದರೂ ಪಾಠವನ್ನು ಓದಬಹುದು. ಹೆಣ್ಣುಮಕ್ಕಳ ಆಟಕ್ಕೂ ಈಗ ಸಂಬಳವುಂಟು. 2023ರಿಂದ ಮಹಿಳೆಯರ ಕ್ರಿಕೆಟ್ ಲೀಗು ನಡೆಯುತ್ತಿದೆ.

ಆದರೆ ದಾರಿಯಿದ್ದ ಮಾತ್ರಕ್ಕೆ ನಡಿಗೆಯು ಹಗುರವಾಗುವುದಿಲ್ಲ. ಮುಂಜಾನೆ ಮೂರು ತಾಸು, ಸಂಜೆ ಮೂರು ತಾಸು ಅಭ್ಯಾಸಮಾಡಿದ ಮೈಯು ರಾತ್ರಿ ಪುಸ್ತಕದ ಮುಂದೆ ತೂಕಡಿಸುವುದು ಸಹಜವು. ಎದುರಿಗೆ ಗುರುಗಳಿಲ್ಲ, ಪಕ್ಕದಲ್ಲಿ ಸಹಪಾಠಿಗಳಿಲ್ಲ, ಪರೀಕ್ಷೆಯ ದಿನವೇ ಪಂದ್ಯದ ದಿನವೂ ಆಗಿ ಬರುವುದುಂಟು. ಆದುದರಿಂದ ಮೂರು ಮಾತುಗಳನ್ನು ನಾವು ಹೇಳಬಯಸುವೆವು. ಮೊದಲನೆಯದು, ಮೂರು ವರುಷದ ಪದವಿಗೆ ಐದು ಆರು ವರುಷ ಹಿಡಿದರೆ ನಾಚಬೇಕಾದುದಿಲ್ಲ. ಗ್ರೇಸರಿಗೆ ಹನ್ನೊಂದು ಹಿಡಿದವು. ಎರಡನೆಯದು, ಬಿಡಲೇಬೇಕಾಗಿ ಬಂದರೆ ಅಂಬೇಡಕರರಂತೆ ಮರಳುವ ಅನುಮತಿಯನ್ನು ಕೈಯಲ್ಲಿಟ್ಟುಕೊಂಡು ಬಿಡಬೇಕು. ನೋಂದಣಿಯ ಅವಧಿಯನ್ನೂ ಶುಲ್ಕದ ದಿನವನ್ನೂ ಅರಿತಿರಬೇಕು. ಮೂರನೆಯದು ತಂದೆತಾಯಿಗಳಿಗೆ ಸೇರಿದ್ದು. ಈ ಎರಡು ಹೊರೆಗಳನ್ನು ಒಬ್ಬಳೇ ಹೊರಲಾರಳು. ಆಟದಿಂದ ಬಂದ ಮಗಳು ಪುಸ್ತಕವನ್ನು ತೆರೆಯಬೇಕಾದರೆ ಮನೆಯ ಪಾತ್ರೆಗಳನ್ನು ತೊಳೆಯುವವರು ಬೇರೊಬ್ಬರಿರಬೇಕು. ಗಂಡುಮಕ್ಕಳಿಗೆ ಕೇಳದೆ ಸಿಗುವ ಈ ಬಿಡುವನ್ನು ಹೆಣ್ಣುಮಕ್ಕಳಿಗೆ ಕೇಳಿದ ಮೇಲಾದರೂ ಕೊಡುವುದು ನ್ಯಾಯವು.

ಬಾಳೂರವರಿಗೆ ಹುಟ್ಟಿನಿಂದ ಬಂದದ್ದು ಎಡಗೈಯ ಚಮತ್ಕಾರ. ದುಡಿದು ಸಂಪಾದಿಸಿದ್ದು ಕೀರ್ತಿ. ಅಕ್ಷರದ ಭಾಗ್ಯವನ್ನು ಮಾತ್ರ ಅವರ ಕಾಲವು ಅವರಿಗೆ ಕೊಡಲಿಲ್ಲ. ಅವರ ಜೀವನವನ್ನು ಓದಿದ ನಮ್ಮ ಬಾಲಿಕೆಯರು ತಮ್ಮ ಆಟವನ್ನು ಬಿಡದಿರಲಿ, ಓದನ್ನೂ ಬಿಡದಿರಲಿ. ತಮ್ಮ ತಂಡದಲ್ಲಿ ಆಡುವ ಯಾವ ಗೆಳತಿಗೂ ನೀರನ್ನು ಬೇರೆ ಪಾತ್ರೆಯಲ್ಲಿ ಕೊಡುವ ಮನಸ್ಸು ಅವರಿಗೆ ಎಂದಿಗೂ ಬಾರದಿರಲಿ ಎಂದು ಹಾರೈಸಿ ನಾವು ಈ ಚರಿತ್ರೆಯನ್ನು ಮುಗಿಸುವೆವು.